ವಿಮಾನ ಹತ್ತಿದ ಕೌದಿ

ದುಂಡಪ್ಪ ತಿಗಡಿಯವರು ಸುಳ್ಳು ಹೇಳುವ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದವರು ಬೇರೆ ರೀತಿ ತಿಳಿದುಕೊಳ್ಳುವ ಸಂಭವವಿದೆ. ಬೈಲಹೊಂಗಲದ ಪೇಟೆಯಲ್ಲಿ ಇಪ್ಪತ್ತಾರು ವರ್ಷ ಬೀಜ-ಗೊಬ್ಬರದ ಅಂಗಡಿ ನಡೆಸಿದ್ದಾರೆ. ಮೊಳೆಯದ ಬೀಜವನ್ನು ಮೊಳೆಯುತ್ತದೆ ಎಂದು ಒಮ್ಮೆಯೂ ಹೇಳಿದವರಲ್ಲ. ಅವರು ಮಾಡಿದ ತಪ್ಪು ಒಂದೇ. ಯಾರೋ ಕೇಳಿದ ಪ್ರಶ್ನೆಗೆ "ಹ್ಞೂಂ ಮತ್ತ" ಎಂದುಬಿಟ್ಟರು.

ಆದದ್ದು ಇಷ್ಟು. ಗೋವಿನಜೋಳದ ಬೀಜ ಹೆಚ್ಚು ಮಾರಿದ ವ್ಯಾಪಾರಿಗಳನ್ನು ಒಂದು ವಾರ ಆಸ್ಟ್ರೇಲಿಯಾ ತೋರಿಸಿಕೊಂಡು ಬರುತ್ತೇವೆ ಎಂದು ಬೀಜದ ಕಂಪನಿ ಹೇಳಿತು. ತಾಲೂಕಿಗೆಲ್ಲ ಆರಿಸಿಬಂದವರು ತಿಗಡಿಯವರೊಬ್ಬರೇ. ಕಂಪನಿ ಮೊಬೈಲಿಗೆ ಕಳಿಸಿದ ಬಣ್ಣದ ಹಾಳೆಯಲ್ಲಿ ಒಂದು ಚಿತ್ರವಿತ್ತು. ವಿಮಾನದೊಳಗೆ ಒಬ್ಬ ಮನುಷ್ಯ ಕಾಲು ನೀಡಿ, ಎದೆಯವರೆಗೆ ಹೊದ್ದುಕೊಂಡು, ಮುಗುಳ್ನಗುತ್ತ ನಿದ್ದೆ ಮಾಡುತ್ತಿದ್ದ. ಸಂಜೆ ಅಂಗಡಿಯ ಮುಂದೆ ಚಹಾ ಕುಡಿಯಲು ಕೂಡುವ ಮಂದಿಗೆ ತಿಗಡಿಯವರು ಅದನ್ನು ತೋರಿಸಿದರು. ಎದುರಿನ ಪುಸ್ತಕದಂಗಡಿಯ ಪಾಂಡುರಂಗರಾಯರು ಕನ್ನಡಕವನ್ನು ಹಣೆಗೇರಿಸಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದರು.

"ದುಂಡಪ್ಪನವರ, ಇಂವಾ ಮಂಚದ ಮ್ಯಾಲೆ ಮಲಗ್ಯಾನಲ್ರೀ! ನೀವೂ ಹಿಂಗ ಮಲಗಿಕೊಂಡು ಹೋಗೋರೇನು?"

ಅದು ಮುಂದಿನ ದೊಡ್ಡವರ ಸೀಟು, ನಮ್ಮದು ಹಿಂದೆ ಕೂತು ಹೋಗುವ ಸೀಟು ಎಂದು ಹೇಳಬೇಕೆಂದಿದ್ದರು ತಿಗಡಿಯವರು. ಆದರೆ ಬಾಯಲ್ಲಿ ಬಿಸಿ ಚಹಾ ಇತ್ತು. ಏಳೆಂಟು ಮಂದಿ ಅವರ ಬಾಯನ್ನೇ ನೋಡುತ್ತಿದ್ದರು. ಅವರು ಚಹಾ ನುಂಗಿ, "ಹ್ಞೂಂ ಮತ್ತ" ಎಂದರು.

ಆ ಹೊತ್ತಿಗೆ ಯೂರಿಯಾ ಒಯ್ಯಲು ಬಂದಿದ್ದ ರೈತನೊಬ್ಬ ಸುದ್ದಿಯನ್ನು ಗೊಬ್ಬರದ ಚೀಲದ ಜೊತೆಗೇ ಸಂಪಗಾಂವಿಗೆ ಒಯ್ದ. ಮರುದಿನ ಬೆಳಿಗ್ಗೆ ಸುದ್ದಿ ತಿರುಗಿ ಬೈಲಹೊಂಗಲಕ್ಕೆ ಬರುವಾಗ ಮಂಚಕ್ಕೆ ಗಾದಿ ಬಂದಿತ್ತು, ಸುತ್ತಲೂ ಪರದೆ ಬಂದಿತ್ತು. ಸಂಜೆಯ ಹೊತ್ತಿಗೆ ಬಿಸಿನೀರಿನ ಬಚ್ಚಲವೂ ಆಗಿತ್ತು. ಎಲ್ಲಮ್ಮನ ಗುಡ್ಡದ ಕೆಳಗೆ ಉಗರಗೋಳದಲ್ಲಿ ಕಾಯಿ-ಕುಂಕುಮದ ಅಂಗಡಿ ಇಟ್ಟುಕೊಂಡಿರುವ ನಾದಿನಿ ತಂಗೆವ್ವ ದೇವಿಯ ಅರಿಸಿನ-ಭಂಡಾರ ಒಂದು ಪುಡಿಕೆ ಕಳಿಸಿ, ಜೊತೆಗೆ ಫೋನೂ ಮಾಡಿದಳು. "ಮಾಮಾರ, ನೀವು ಹೆಂಗೂ ಮುಂದ ಮಕ್ಕೊಂಡಿರತೀರಿ. ವಿಮಾನ ಬಿಡೂಕಿಂತ ಮೊದಲ ಡ್ರೈವರನ ಹಣಿಗಿ ಈಟ ಹಚ್ಚಿಬಿಡ್ರಿ."

ಇಷ್ಟಾದರೂ ಒಂದು ಮಾತಿನಲ್ಲಿ ಸರಿಪಡಿಸಬಹುದಿತ್ತು. ಆದರೆ ಆ ವಾರವೇ ಮಗಳ ನಿಶ್ಚಯ ಕಾರ್ಯವಿತ್ತು.

ತಿಗಡಿಯವರಿಗೆ ಅನ್ನಪೂರ್ಣಾ ಒಬ್ಬಳೇ ಮಗಳು. ರಾಮದುರ್ಗದಲ್ಲಿ ಪಂಪ್‌ಸೆಟ್ಟಿನ ದೊಡ್ಡ ಅಂಗಡಿ ಇಟ್ಟಿರುವ ಸುರೇಬಾನದ ವಿರೂಪಾಕ್ಷಪ್ಪ ಹಂಪಿಹೊಳಿಯವರ ಮಗ ಸಚಿನನಿಗೆ ಅವಳನ್ನು ಕೊಡುವುದೆಂದು ಆಗಿತ್ತು. ಹುಡುಗ ಒಳ್ಳೆಯವನು, ಹುಡುಗಿಗೂ ಮನಸ್ಸಿಗೆ ಬಂದಿದ್ದ. ತೊಡಕೆಂದರೆ ಬೀಗರು ಮರ್ಯಾದೆಯ ಮನುಷ್ಯರು. ಊಟಕ್ಕೆ ಕೂತರೆ ಮೊದಲ ಹೋಳಿಗೆ ಯಾರ ಎಲೆಗೆ ಬಿತ್ತು ಎಂದು ನೋಡುವವರು. ನಿಶ್ಚಯದ ದಿನ ತಿಗಡಿಯವರು ಬೀಗರ ಕಡೆಯ ಮೂವತ್ತು ಮಂದಿ ಗಂಡಸರಿಗೆ ಟಾವೆಲ್ಲು, ಟೊಪ್ಪಿಗೆ ಆಯೇರ ಮಾಡಿದರು. ಟಾವೆಲ್ಲಿನ ಅಂಚಿಗೆ ಕೆಂಪು ಅಕ್ಷರದಲ್ಲಿ "ತಿಗಡಿ ಬೀಜ ಭಂಡಾರ, ಬೈಲಹೊಂಗಲ" ಎಂದು ಅಚ್ಚು ಹಾಕಿಸಿದ್ದರು. "ಆಯೇರಿ ಟಾವೆಲ್ಲಿಗೂ ಜಾಹೀರಾತು ಮಾಡೋದೇನ್ರಿ?" ಎಂದು ಹೆಂಡತಿ ರಾಚವ್ವ ಹಿಂದಿನ ದಿನವೇ ಬೈದಿದ್ದಳು. ಈ ಟಾವೆಲ್ಲನ್ನು ಓದುಗರು ನೆನಪಿನಲ್ಲಿಡಬೇಕು.

ಊಟವಾಗಿ ಎಲೆ-ಅಡಿಕೆ ಹಾಕಿಕೊಳ್ಳುವಾಗ ಯಾರೋ ವಿಮಾನದ ಮಾತು ತೆಗೆದರು. ವಿರೂಪಾಕ್ಷಪ್ಪನವರು ಸಾವಕಾಶ ಸುಣ್ಣ ಹಚ್ಚುತ್ತ ಕೇಳಿದರು.

"ಮಕ್ಕೊಳ್ಳೂ ಸೀಟ ಕೊಟ್ಟಾರಂತಲ್ರಿ ಬೀಗ್ರ, ಕರೇನ?"

ಸುತ್ತಲೂ ಮೂವತ್ತು ಹೊಸ ಟಾವೆಲ್ಲುಗಳು ತಿಗಡಿಯವರನ್ನೇ ನೋಡುತ್ತಿದ್ದವು. "ಕಂಪನಿಯವರು ಒತ್ತಾಯ ಮಾಡಿದ್ರಿ. ನಾ ಬ್ಯಾಡಂತನ ಅಂದೆ" ಎಂದರು ತಿಗಡಿಯವರು.

"ಛಲೋ ಆತು ಬಿಡ್ರಿ. ನಮ್ಮ ಪಂಪಿನ ಕಂಪನಿಯವರೂ ಆಸ್ಟ್ರೇಲಿಯಾಕ್ಕ ಬರ್ರಿ ಅಂತ ಕಾಲ ಹಿಡದಾರ್ರಿ. ಒಲ್ಲೆಪಾ ಅಂದೇನಿ. ಹನ್ನೆರಡ ತಾಸು ಮೊಣಕಾಲ ಮಡಚಿ ಕುಂದ್ರಾಕ ನಾವೇನು ಸಂತಿಗೆ ಹೊಂಟ ಕೋಳಿಗೋಳೇನು? ಪುಕ್ಕಟೆ ಅಂದ ಕೂಡ್ಲೆ ಹಿಂದ ಮುದುಡಿಕೊಂಡು ಹೋಗೋ ಮಂದಿನೂ ಅದಾರ್ರಿ. ಅಂಥವರ ಮನಿಗೆ ನಾವು ಹೆಣ್ಣು ಕೇಳಾಕ ಬರತಿದ್ದಿಲ್ಲ."

ಎಲ್ಲರೂ ನಕ್ಕರು. ತಿಗಡಿಯವರೂ ನಕ್ಕರು, ಆದರೆ ಬಾಯಲ್ಲಿದ್ದ ಅಡಿಕೆ ಗಂಟಲಿಗೆ ಸಿಕ್ಕಿಕೊಂಡಿತು. ಬೀರುವಿನಲ್ಲಿ, ರಾಚವ್ವನ ಸೀರೆಗಳ ಕೆಳಗೆ ಅವರೇ ಬಚ್ಚಿಟ್ಟಿದ್ದ ಟಿಕೀಟಿನ ಮೇಲೆ ನಲವತ್ಮೂರು ಬಿ ಎಂದಿತ್ತು. ಅಂಗಡಿಯ ಲೆಕ್ಕ ನೋಡುವ ಹುಡುಗಿಯನ್ನು ಸುಮ್ಮನೆ ಎಂಬಂತೆ ಕೇಳಿ ತಿಳಿದುಕೊಂಡಿದ್ದರು. ಅದು ಮೂರು ಸೀಟುಗಳ ನಡುವಿನದು.

ಊರಿನಲ್ಲಿ ಉಳಿದವರೆಲ್ಲ ಮಾತನಾಡಿ ಬಿಟ್ಟರು. ಬಾಜೂ ಮನೆಯ ಸತ್ಯವ್ವ ಮಾತ್ರ ಕೆಲಸಕ್ಕೇ ಕೈ ಹಾಕಿದಳು. ಎಪ್ಪತ್ತೆಂಟು ವರ್ಷದ ಮುದುಕಿ. ಹೊರಡುವ ಎರಡು ದಿನ ಮುಂಚೆ ಒಂದು ದೊಡ್ಡ ಕೌದಿಯನ್ನು ಹೆಗಲ ಮೇಲೆ ಹೊತ್ತು ತಂದಳು. ಹಳೆಯ ಇಳಕಲ್ ಸೀರೆ, ಕುಪ್ಪಸದ ತುಂಡು, ತೀರಿಹೋದ ಗಂಡನ ತಲೆಯ ಪಟಗ, ಎಲ್ಲವನ್ನೂ ಕೂಡಿಸಿ ಎರಡು ಬೇಸಿಗೆ ಕೂತು ಹೊಲಿದದ್ದು.

"ತಮ್ಮಾ ದುಂಡಪ್ಪ, ಆ ಮಂಚದ ಮ್ಯಾಲ ಯಾರ್ಯಾರು ಮಕ್ಕೊಂಡಿರತಾರೋ ಏನೋ. ಅವರ ಹಾಸಿಗಿ ಬ್ಯಾಡ, ಇದನ್ನ ಹಾಸಿಕೋ. ಹಾಸಿಕೊಂಡು ಮಕ್ಕೊಂಡಿದ್ದ ಒಂದು ಫೋಟೋ ತಗಸಿಕೊಂಡು ಬಾ. ನನ್ನ ಕೌದಿ ವಿಮಾನದಾಗ ಹೋದದ್ದು ನಾ ಸಾಯೂದ್ರೊಳಗ ನೋಡಬೇಕು."

"ಎಜ್ಜೀ, ಅಲ್ಲೇ ಎಲ್ಲಾ ಕೊಡತಾರ..."

"ಕೊಡಲೇಳು. ಫೋಟೋ ಮರೀಬ್ಯಾಡ."

ರಾಚವ್ವ ಅಡಿಗೆಮನೆಯಿಂದಲೇ, "ಹೌದ್ರಿ, ಬೀಗರ ಮನ್ಯಾಗೂ ಫೋಟೋ ಕೇಳ್ಯಾರ" ಎಂದಳು. ಅಂದು ಊಟಕ್ಕೆ ಕೂತಾಗ ತಿಗಡಿಯವರು ನಿಜ ಹೇಳಲು ಮೂರು ಸಲ ಬಾಯಿ ತೆರೆದರು. ಮೂರು ಸಲವೂ ರಾಚವ್ವ ರೊಟ್ಟಿ ಬಡಿಸಿದಳು.

ಬೆಳಗಾವಿಯಿಂದ ಮುಂಬಯಿಗೆ ಅವರು ಸ್ಲೀಪರ್ ಬಸ್ಸಿನಲ್ಲಿ ಕಾಲು ನೀಡಿ ಮಲಗಿಕೊಂಡು ಹೋದರು. ಈ ಬಸ್ಸನ್ನೇ ಆಸ್ಟ್ರೇಲಿಯಾದವರೆಗೆ ಬಿಟ್ಟಿದ್ದರೆ ಯಾರಿಗೂ ತೊಂದರೆ ಇರಲಿಲ್ಲ ಎಂದು ಅವರಿಗೆ ಅನ್ನಿಸಿತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಕೌದಿಯ ಸುರುಳಿಯನ್ನು ನೋಡಿ, ಬಿಚ್ಚಿ, ಪೂರ್ತಿ ಹಾಸಿಸಿದ. ಮಡಿಕೆಗಳಲ್ಲಿ ರಾಚವ್ವ ಇಟ್ಟಿದ್ದ ಹನ್ನೆರಡು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಪುಡಿಕೆ ಹೊರಬಂದವು. ಹಿಂದೆ ನೂರು ಮಂದಿ ಕಾಯುತ್ತಿದ್ದರು. "ಯೇ ಕ್ಯಾ ಹೈ?" ಎಂದು ಅವನು ಮೇಲಿನ ಅಧಿಕಾರಿಯನ್ನು ಕರೆದ. ಬಂದವಳು ಸೊಲ್ಲಾಪುರದ ಕಡೆಯ ಹೆಣ್ಣುಮಗಳು. ಕೌದಿಯ ಮೇಲೆ ಕೈಯಾಡಿಸಿ, "ಅಗಬಾಯೀ, ಗೋಧಡಿ!" ಎಂದವಳೇ, ತನ್ನ ಅಜ್ಜಿಯ ಸುದ್ದಿಯನ್ನು ಹೇಳತೊಡಗಿದಳು. ನೂರು ಮಂದಿ ಇನ್ನಷ್ಟು ಕಾದರು.

ವಿಮಾನ ಬೆಳಿಗ್ಗೆ ಹನ್ನೊಂದಕ್ಕೆ ಹೊರಡುವುದಿತ್ತು. ಕಂಪನಿಯ ಉಳಿದ ವ್ಯಾಪಾರಿಗಳು ಗುಂಟೂರು, ಅಕೋಲಾ ಕಡೆಯವರು, ಎಲ್ಲೆಲ್ಲೋ ಚದುರಿ ಕೂತಿದ್ದರು. ಒಳಗೆ ಬರುವಾಗ ಮುಂದಿನ ಮಲಗುವ ಸೀಟುಗಳ ನಡುವೆಯೇ ಹಾಯ್ದು ಬರಬೇಕಿತ್ತು. ತಿಗಡಿಯವರು ಕಣ್ಣು ತುಂಬ ನೋಡಿಕೊಂಡರು. ಪರದೆ ಇರುವುದು ನಿಜವಿತ್ತು, ಬಚ್ಚಲ ಕಾಣಲಿಲ್ಲ. ಆಮೇಲೆ ನಡೆದರು, ನಡೆದರು, ಸಂಪಗಾಂವಿನವರೆಗೆ ನಡೆದಷ್ಟಾದ ಮೇಲೆ ನಲವತ್ಮೂರನೇ ಸಾಲು ಬಂತು.

ಸಿ ಸೀಟಿನಲ್ಲಿ ಒಬ್ಬ ದಪ್ಪ ಮನುಷ್ಯ ಆಗಲೇ ನಿದ್ದೆ ಹೋಗಿದ್ದ. ಕಿಟಕಿಯ ಕಡೆ ಎಪ್ಪತ್ತರ ಒಬ್ಬ ಹೆಣ್ಣುಮಗಳು, ಒಂಬತ್ತುವಾರಿ ಸೀರೆ, ಕಾಲಲ್ಲಿ ಬಿಳಿ ಬೂಟು. ತಿಗಡಿಯವರು ನಡುವೆ ಇಳಿದರು. ಕೌದಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಕೌದಿಯ ಮೇಲೆ ಗದ್ದ ಬಂತು. ಮುಂದಿನವನು ಸೀಟನ್ನು ಹಿಂದಕ್ಕೆ ಒರಗಿಸಿದ ಕೂಡಲೇ ಅವನ ತಲೆಗೆ ಯಾವ ಎಣ್ಣೆ ಹಚ್ಚಿದ್ದಾನೆ ಎಂಬುದು ತಿಳಿಯಿತು. ಮೊಣಕಾಲು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಇಟ್ಟು ನೋಡಿದರು. ಕಾಲನ್ನು ಕಳಚಿ ಮೇಲಿನ ಕಪಾಟಿನಲ್ಲಿಡುವ ಸೌಲಭ್ಯ ಇರಲಿಲ್ಲ.

"ಕನ್ನಡದವರೇನು?" ಎಂದರು ಆಕೆ. "ನಾ ಮಥುರಾಬಾಯಿ, ಬೆಳಗಾವಿ ಶಹಾಪುರದಾಕಿ. ತಾಸಿಗೊಮ್ಮೆ ಎದ್ದು ಅಡ್ಡಾಡತೀನಿ, ರಕ್ತ ಹರೀಬೇಕಲ್ಲ? ನೀವೂ ಏಳ್ರಿ, ಆ ಮನುಷ್ಯನ್ನೂ ಎಬ್ಬಸ್ರಿ."

"ಬಾಯಾರ, ಇನ್ನೂ ವಿಮಾನ ಬಿಟ್ಟಿಲ್ರೀ."

"ಬಿಡೂಕಿಂತ ಮೊದಲೊಮ್ಮೆ ಅಡ್ಡಾಡಬೇಕು."

ಹೀಗೆ ತಾಸಿಗೊಮ್ಮೆ ತಿಗಡಿಯವರು ದಪ್ಪ ಮನುಷ್ಯನನ್ನು ಎಬ್ಬಿಸಿದರು. ಮೂರನೆಯ ಸಲ ಅವನು ಕಣ್ಣು ತೆರೆಯದೆಯೇ ಎದ್ದು ನಿಂತ. ಚಟ್ನಿಯ ಪುಡಿಕೆ ನೋಡಿ ಮಥುರಾಬಾಯಿ ಇನ್ನೊಂದು ಸುದ್ದಿ ಹೇಳಿದರು. ಆ ದೇಶದಲ್ಲಿ ಇಳಿಯುವಾಗ ಕಾಳು, ಬೀಜ ಏನೇ ಇದ್ದರೂ ಕಸಿದುಕೊಳ್ಳುತ್ತಾರಂತೆ. ಬೀಜ ಒಯ್ಯಲು ಬಿಡದ ದೇಶಕ್ಕೆ ಬೀಜದ ಕಂಪನಿ ಬೀಜದ ವ್ಯಾಪಾರಿಯನ್ನು ಕಳಿಸುತ್ತಿರುವುದರ ಅರ್ಥ ತಿಗಡಿಯವರಿಗೆ ಆಗಲಿಲ್ಲ.

ಊಟವಾದ ಮೇಲೆ ಹಾಡಹಗಲೇ ಕಿಟಕಿಗಳನ್ನೆಲ್ಲ ಮುಚ್ಚಿಸಿ, ದೀಪ ಆರಿಸಿ, ರಾತ್ರಿ ಮಾಡಿದರು. ಶೌಚಾಲಯಕ್ಕೆಂದು ಹಿಂದಕ್ಕೆ ಹೋದ ತಿಗಡಿಯವರು ಐವತ್ತೊಂದನೇ ಸಾಲಿನ ಹತ್ತಿರ ನಿಂತುಬಿಟ್ಟರು. ನಡುವಿನ ನಾಲ್ಕು ಸೀಟು, ನಾಲ್ಕೂ ಖಾಲಿ! ನಾಲ್ಕು ಸೀಟೆಂದರೆ ಒಂದು ಮಂಚ. ಮಂಚವೆಂದರೆ ಫೋಟೋ. ಫೋಟೋ ಎಂದರೆ ಸತ್ಯವ್ವ, ರಾಚವ್ವ, ಬೀಗರು, ಬೈಲಹೊಂಗಲ, ಎಲ್ಲ ಬಾಯಿ ಮುಚ್ಚಿದಂತೆ. ಹೆಗಲ ಮೇಲೆ ಟಾವೆಲ್ಲು ಇರಲಿಲ್ಲ. ತರಲು ಓಡಿದರು.

ಇಲ್ಲಿ ಒಂದು ಕಾಯ್ದೆಯನ್ನು ಹೇಳಬೇಕು. ಬಸ್ಸಿನ ಕಿಟಕಿಯಿಂದ ಟಾವೆಲ್ಲು ಒಳಗೆ ಎಸೆದರೆ, ಆ ಸೀಟು ಎಸೆದವನದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ನಿಲ್ದಾಣಗಳಲ್ಲಿ ಈ ಕಾಯ್ದೆ ನಡೆಯುತ್ತದೆ. ಗರ್ಭಿಣಿಯರಿಗೆ ಬಿಟ್ಟುಕೊಡದವರೂ ಟಾವೆಲ್ಲಿಗೆ ಬಿಟ್ಟುಕೊಡುತ್ತಾರೆ. ಆದ್ದರಿಂದ ತಿಗಡಿಯವರು ಕೌದಿ, ಟಾವೆಲ್ಲು ಎರಡನ್ನೂ ಎತ್ತಿಕೊಂಡು ತಿರುಗಿ ಬರುವಷ್ಟರಲ್ಲಿ ಆ ಸಾಲಿನ ಆಚೆ ತುದಿಗೆ ಒಂದು ಟಾವೆಲ್ಲು ಬಿದ್ದದ್ದನ್ನು ಕಂಡು ನಡುದಾರಿಯಲ್ಲೇ ನಿಂತರು. ಬಗ್ಗಿ ನೋಡಿದರು. ಕೆಂಪು ಅಕ್ಷರ. "ತಿಗಡಿ ಬೀಜ ಭಂಡಾರ, ಬೈಲಹೊಂಗಲ."

ನಾನೇ ಆಗಲೇ ಹಾಕಿ ಹೋದೆನೇ? ಹೆಗಲು ಮುಟ್ಟಿ ನೋಡಿಕೊಂಡರು. ಅವರದು ಹೆಗಲ ಮೇಲೇ ಇತ್ತು.

ಅಚ್ಚು ಹಾಕಿಸಿದ್ದು ಮೂವತ್ತೊಂದು ಟಾವೆಲ್ಲು. ಒಂದು ತಮ್ಮದು, ಮೂವತ್ತು ಬೀಗರ ಕಡೆಯವರದು. ಅಂದರೆ ನಿಶ್ಚಯದ ಹೋಳಿಗೆ ಉಂಡ ಯಾರೋ ಒಬ್ಬರು ಈ ವಿಮಾನದಲ್ಲಿದ್ದಾರೆ! ನಾಳೆಯೇ ಸುರೇಬಾನಕ್ಕೆ ಸುದ್ದಿ ಮುಟ್ಟುತ್ತದೆ. ಬೀಗರು ಹಿಂದ ಮುದುಡಿಕೊಂಡು ಹೊಂಟಿದ್ದರು, ಮಡಲಾಗ ಕೌದಿ ಇತ್ತು ಅಂತ. ಮಗಳ ಮುಖ ಕಣ್ಣ ಮುಂದೆ ಬಂತು. ನನ್ನ ಒಂದು ಹ್ಞೂಂಗೆ ಅವಳೇಕೆ ತಲೆ ತಗ್ಗಿಸಬೇಕು ಎಂದು ಅವರಿಗೆ ನಿಜವಾಗಿಯೂ ಅಳು ಬಂದಂತಾಯಿತು.

ತಿರುಗಿ ಹೋಗಿ ಸುಮ್ಮನೆ ಕೂರುವುದು ಜಾಣತನವಾಗಿತ್ತು. ಆದರೆ ಫೋಟೋ? ಅವರು ಚಳಿಗೆಂದು ತಂದಿದ್ದ ಮಂಕಿಟೊಪ್ಪಿಗೆಯನ್ನು ಗದ್ದದವರೆಗೆ ಎಳೆದುಕೊಂಡರು. ತಮ್ಮ ಟಾವೆಲ್ಲಿನ ಅಚ್ಚು ಕಾಣದಂತೆ ಮಡಿಸಿ ಈಚೆ ತುದಿಗೆ ಹಾಕಿದರು. ಕಾಯ್ದೆಯ ಪ್ರಕಾರ ಒಂದು ಸೀಟು ಆ ಟಾವೆಲ್ಲಿನವನಿಗೆ ಬಿಟ್ಟು, ಮೂರು ಸೀಟಿನಲ್ಲಿ ಅಡ್ಡಾಗಿ ಕೌದಿ ಎಳೆದುಕೊಂಡರು.

ಎರಡು ನಿಮಿಷಕ್ಕೆ ಯಾರೋ ಅವರ ಕಾಲು ಬಡಿದರು. ಮುಖದ ತುಂಬ ಮಾಸ್ಕು, ಕಣ್ಣಿನವರೆಗೆ ಇಳಿಸಿದ ಟೊಪ್ಪಿಗೆ.

"ಭಾಯಿಸಾಬ್, ಪಾಂವ್ ಹಟಾವ್. ಯೇ ಪೂರಾ ಲೈನ್ ಹಮಾರಾ ಹೈ."

ತಿಗಡಿಯವರು ಗುರುತು ಸಿಗಬಾರದೆಂದು ತಾವೂ ಹಿಂದಿಗೇ ಇಳಿದರು. ಅವರ ಹಿಂದಿ ಸವದತ್ತಿಯಾಚೆ ಎಲ್ಲೂ ಹೋದದ್ದಲ್ಲ. "ಏಕ್ ಟಾವೆಲ್ ಏಕ್ ಸೀಟ್! ಪೂರಾ ಲೈನ್ ಕೈಸಾ ಹೋತಾ?"

"ಹಮ್ ಪಹಲೇ ಡಾಲ್ಯಾ!"

"ಪಹಲೇ ಹಮ್ ದೇಖ್ಯಾ!"

"ದೇಖ್ಯಾ ತೋ ಕ್ಯಾ ಹುವಾ? ದೇಖನೇಕಾ ಕಾನೂನ್ ನಹೀಂ, ಡಾಲನೇಕಾ ಕಾನೂನ್ ಹೈ!"

ನೋಡಿದ್ದು ಲೆಕ್ಕವಲ್ಲ, ಹಾಕಿದ್ದೇ ಲೆಕ್ಕ ಎಂಬ ಈ ಗದ್ದಲಕ್ಕೆ ಗಗನಸಖಿ ಬಂದಳು. ಪಾಪ, ಅವಳಿಗೆ ಟಾವೆಲ್ಲಿನ ಕಾಯ್ದೆ ತಿಳಿದಿರಲಿಲ್ಲ. ಬೋರ್ಡಿಂಗ್ ಪಾಸ್ ತೋರಿಸಿ ಎಂದಳು. ಇಬ್ಬರೂ ಕೊಟ್ಟರು. ಅವಳು ಸಣ್ಣ ಬ್ಯಾಟರಿ ಬಿಟ್ಟು, ನಾಲ್ಕು ಸಾಲಿಗೆ ಕೇಳುವಂತೆ ಓದಿದಳು.

"ಮಿಸ್ಟರ್ ದುಂಡಪ್ಪ ತಿಗಡಿ. ಮಿಸ್ಟರ್ ವಿರೂಪಾಕ್ಷಪ್ಪ ಹಂಪಿಹೊಳಿ."

ವಿಮಾನ ಗುಂಯ್ ಎನ್ನುತ್ತಿತ್ತು. ತಿಗಡಿಯವರು ಮಂಕಿಟೊಪ್ಪಿಗೆ ತೆಗೆದರು. ಎದುರಿಗಿದ್ದವರು ಮಾಸ್ಕು ಇಳಿಸಿದರು.

"ನಮಸ್ಕಾರ್ರಿ, ಬೀಗ್ರ."

"ಶರಣ್ರಿ. ಮನ್ಯಾಗೆಲ್ಲಾ ಆರಾಮರಿ?"

"ಆರಾಮ್ರಿ. ನಿಮ್ಮ ಕಡೆ ಮಳಿ ಹೆಂಗರಿ?"

"ಅಡ್ಡಿಯಿಲ್ರಿ." ವಿರೂಪಾಕ್ಷಪ್ಪನವರು ಕೆಮ್ಮಿದರು. "ಕಡೀಕ ನಮ್ಮ ಕಂಪನಿನೂ ಮಕ್ಕೊಳ್ಳೂ ಸೀಟನ ಕೊಟ್ಟತರಿ, ಹಂಗಂತನ ಬಂದೆ. ಮುಂದ ಇದ್ದೆ. ಆ ಗಾದಿ ಭಾಳ ಮೆತ್ತಗ, ನಡಾ ಹಿಡೀತು. ಅದಕ್ಕ ಹಿಂದ ಬಂದೆ."

"ನಂಗೂ ಹಂಗ ಆತು ನೋಡ್ರಿ! ಅಗದೀ ಮೆತ್ತಗ!" ಎಂದರು ತಿಗಡಿಯವರು. ಜೀವ ಬಂದಂತಾಗಿತ್ತು.

"ನಲವತ್ಮೂರು ಬಿ, ನಲವತ್ತೊಂಬತ್ತು ಎಚ್" ಎಂದು ಓದಿ ಮುಗಿಸಿದಳು ಗಗನಸಖಿ. "ದಯಮಾಡಿ ನಿಮ್ಮ ನಿಮ್ಮ ಸೀಟಿಗೆ ಹೋಗಿ" ಎಂದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹೇಳಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಲು ಬೇರೇನೂ ಇಲ್ಲದ್ದರಿಂದ ಟಾವೆಲ್ಲುಗಳನ್ನು ನೋಡಿದರು. ಆಗ ತಾಸಿನ ಅಡ್ಡಾಟಕ್ಕೆ ಹೊರಟಿದ್ದ ಮಥುರಾಬಾಯಿ ಅಲ್ಲಿಗೆ ಬಂದರು. ಅವರಿಗೆ ಎರಡೇ ಮಾತಿನಲ್ಲಿ ಎಲ್ಲ ತಿಳಿಯಿತು. ಗಗನಸಖಿಯ ಕಡೆ ತಿರುಗಿ ಸಾಲೆಯ ಮಾಸ್ತರಣಿಯ ಇಂಗ್ಲಿಷಿನಲ್ಲಿ, ಇವರು ಬೀಗರು, ಇಬ್ಬರಿಗೂ ಮೊಣಕಾಲು ಸರಿಯಿಲ್ಲ, ಸೀಟಂತೂ ಖಾಲಿ ಇದೆ, ಮಲಗಿದರೆ ನಿನ್ನ ಗಂಟೇನು ಹೋಗುತ್ತದೆ ಎಂಬ ಅರ್ಥದಲ್ಲಿ ನಾಲ್ಕು ಮಾತು ಹೇಳಿದರು. ಗಗನಸಖಿ ನಕ್ಕು ಪಾಸುಗಳನ್ನು ತಿರುಗಿ ಕೊಟ್ಟಳು.

ಈಗ ಹೊಸ ಜಗಳ ಶುರುವಾಯಿತು.

"ನೀವು ಮಕ್ಕೋರಿ, ಬೀಗ್ರ."

"ಛೇ ಛೇ, ಗಂಡಿನ ಕಡೆಯವರು ನೀವು ನಿಲ್ಲೂದು, ನಾ ಮಕ್ಕೊಳ್ಳೂದು? ಆಗೂ ಮಾತಲ್ಲ. ನೀವು ಮಕ್ಕೋರಿ."

"ನಿಮ್ಮ ಟಾವೆಲ್ಲಿನ ಮ್ಯಾಲ ನಾ ಹೆಂಗ ಮಕ್ಕೊಳ್ಳಲಿ? ನಿಮ್ಮ ಹೆಸರ ಐತಿ ಅದರ ಮ್ಯಾಲ."

"ಕೊಟ್ಟ ಮ್ಯಾಲ ಅದು ನಿಮ್ಮದರಿ!"

ಎಷ್ಟು ಹೊತ್ತು ನಡೆಯುತ್ತಿತ್ತೋ. ಅಷ್ಟರಲ್ಲಿ ಆರಡಿ ಎತ್ತರದ ಬಿಳಿಯನೊಬ್ಬ ದಿಂಬು ಹಿಡಿದುಕೊಂಡು ಬಂದು, ಖಾಲಿ ಸಾಲು ಕಂಡು, ಕೂರಲು ಬಗ್ಗಿದ. ಇಬ್ಬರು ಬೀಗರೂ ಎರಡು ಕಡೆಯಿಂದ ಒಟ್ಟಿಗೇ ಹಾರಿ ಬಿದ್ದರು.

ಬಿದ್ದವರು ಹಾಗೆಯೇ ಇದ್ದರು. ತಿಗಡಿಯವರ ತಲೆ ಈಚೆ ತುದಿಗೆ, ವಿರೂಪಾಕ್ಷಪ್ಪನವರ ತಲೆ ಆಚೆ ತುದಿಗೆ, ಕಾಲುಗಳು ನಡುವೆ ಹೆಣೆದುಕೊಂಡು ಒಬ್ಬರ ಕಿವಿಯವರೆಗೆ ಇನ್ನೊಬ್ಬರವು. ವಿರೂಪಾಕ್ಷಪ್ಪನವರು ಬೂಟು ಬಿಚ್ಚಿದ್ದರು. ಮೊಣಕಾಲಿನ ನೋವಿಗೆಂದು ಹೆಂಡತಿ ಮಹಾನಂದಾ ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲ. ಕೆಂಪು ನೂಲು ಸಾಲದೆ ಬೆರಳಿನ ಕಡೆ ಹಸಿರು ಹಾಕಿದ್ದಳು. ಸತ್ಯವ್ವನ ಕೌದಿ ಇಬ್ಬರ ಮೇಲೂ ಬಂತು.

"ಬಾಯಾರ, ಒಂದ ಫೋಟೋ" ಎಂದು ತಿಗಡಿಯವರು ಮೊಬೈಲು ಚಾಚಿದರು. "ನನ್ನ ಮಾರಿ, ಕೌದಿ, ಇಷ್ಟ ಬಂದ್ರ ಸಾಕು."

ಮಥುರಾಬಾಯಿ ತೆಗೆದರು. ಮಿಂಚಿಗೆ ಮೂರು ಸಾಲು ಮಂದಿ ಎಚ್ಚರವಾದರು.

ಆಮೇಲೆ ತಿಗಡಿಯವರು ರೊಟ್ಟಿ ಮುರಿದು, ಚಟ್ನಿ ಹಾಕಿ, ಕೌದಿಯ ಒಳಗಿಂದಲೇ ಆಚೆ ತುದಿಗೆ ದಾಟಿಸಿದರು. ಆ ಕಡೆಯಿಂದ ಕಟುಂ ಕಟುಂ ಸದ್ದು ಬಂತು. ಸದ್ದು ನಿಂತ ಮೇಲೆ ಮಾತು ಬಂತು.

"ಬೀಗ್ರ, ಕರೇ ಹೇಳತೇನಿ. ಮನ್ಯಾಗ ಮುಂಬಯಿ ಮೊಣಕಾಲ ಡಾಕ್ಟರ್ ಕಡೆ ಅಂತ ಹೇಳಿ ಬಂದೇನಿ. ವಿಮಾನ ನೋಡೂ ಆಶೆ ಬಿಡಲಿಲ್ಲ. ನೀವು ಮಕ್ಕೊಂಡು ಹೋಗತೀರಿ, ನಾ ಕುಂತು ಹೋದ್ರ ನಿಮ್ಮ ಮುಂದ ಸಣ್ಣಾಂವ ಆಗತೇನಂತ ಅಂಜಿಕಿ ಆತರಿ."

"ನನಗ ನಿಮ್ಮ ಅಂಜಿಕಿ ಇತ್ತರಿ" ಎಂದರು ತಿಗಡಿಯವರು. ಅವರ ಎದೆಯ ಮೇಲಿಂದ ಗೊಬ್ಬರದ ಚೀಲ ಇಳಿಸಿದಂತಾಯಿತು. ಇಬ್ಬರೂ ಮೇಲೆ ನೋಡುತ್ತ ಅಲ್ಲೇ ಒಪ್ಪಂದ ಮಾಡಿಕೊಂಡರು. ತಿಗಡಿಯವರು ಮಲಗಿಕೊಂಡು ಹೋದರು. ವಿರೂಪಾಕ್ಷಪ್ಪನವರು ಮುಂಬಯಿಯಲ್ಲೇ ಇದ್ದರು. ಮೂರನೆಯ ಮಾತಿಲ್ಲ.

ಆಸ್ಟ್ರೇಲಿಯಾದಲ್ಲಿ ನೋಡಬೇಕಾದ್ದನ್ನೆಲ್ಲ ತೋರಿಸಿದರು. ಅದರ ಬಗ್ಗೆ ತಿಗಡಿಯವರನ್ನು ಊರಲ್ಲಿ ಯಾರೂ ಕೇಳಲಿಲ್ಲ. ಎಲ್ಲರೂ ಕೇಳಿದ್ದು ಫೋಟೋ. ಮೊಬೈಲಿನಲ್ಲಿ ಅದು ಅಗದೀ ಚೆನ್ನಾಗಿ ಬಂದಿತ್ತು. ಕತ್ತಲಲ್ಲಿ ತಿಗಡಿಯವರ ನಗುಮುಖ, ಗದ್ದದವರೆಗೆ ಕೌದಿ. ಪಾಂಡುರಂಗರಾಯರು ನೋಡಿದರು, ಚಹಾದ ಮಂದಿ ನೋಡಿದರು, ಉಗರಗೋಳದ ತಂಗೆವ್ವ ನೋಡಿ, ಡ್ರೈವರನಿಗೆ ಭಂಡಾರ ಹಚ್ಚಿದ್ರಿಲ್ಲೋ ಎಂದಷ್ಟೇ ಕೇಳಿದಳು. ಎಲ್ಲ ಸುಸೂತ್ರವಾಗಿತ್ತು.

ಮದುವೆಯ ಜವಳಿ ತೆಗೆಯುವ ದಿನ ಎರಡೂ ಮನೆಯವರು ಬೈಲಹೊಂಗಲದಲ್ಲಿ ಕೂಡಿದರು. ಪೇಟೆಯಿಂದ ತಿರುಗಿ ಬಂದು ಪಡಸಾಲೆಯಲ್ಲಿ ಸೀರೆ ಹರವಿಕೊಂಡು ಕೂತಾಗ ಸತ್ಯವ್ವ ಬಂದಳು. "ಸಣ್ಣ ಫೋನಿನ್ಯಾಗ ನನಗ ಏನೂ ಕಾಣೂದಿಲ್ಲ. ನನ್ನ ಕೌದಿ ದೊಡ್ಡದು ಮಾಡಿ ತೋರಸ್ರಿ" ಎಂದಳು. "ಬಾ ಎಜ್ಜಿ, ಟೀವಿಗೆ ಹಾಕತೇನಿ" ಎಂದು ಅನ್ನಪೂರ್ಣಾ ಒಂದು ಗುಂಡಿ ಒತ್ತಿದಳು. ತಿಗಡಿಯವರು "ಬ್ಯಾಡ ಬ್ಯಾಡ" ಎನ್ನುವುದರೊಳಗೆ ಅವರ ಮುಖ ನೀರಿನ ಕೊಡದಷ್ಟು ದೊಡ್ಡದಾಗಿ ಗೋಡೆಯ ಮೇಲೆ ಬಂದು ಕೂತಿತು.

ಮುಖದ ಪಕ್ಕದಲ್ಲಿ, ಎಡಗಿವಿಗೆ ಹತ್ತಿ, ಎರಡು ಪಾದಗಳಿದ್ದವು. ಕೆಂಪು ಕಾಲುಚೀಲ. ಬೆರಳಿನ ಕಡೆ ಹಸಿರು.

ಮಹಾನಂದಾ ಕೈಯಲ್ಲಿದ್ದ ಸೀರೆಯನ್ನು ಮಡಿಸಿ ಕೆಳಗಿಟ್ಟಳು. ಟೀವಿ ನೋಡಿದಳು, ಗಂಡನ ಕಾಲು ನೋಡಿದಳು.

"ಮೊಣಕಾಲಿನ ಡಾಕ್ಟರು ವಿಮಾನದಾಗ ಇದ್ದರೇನ್ರಿ?"

ವಿರೂಪಾಕ್ಷಪ್ಪನವರು ತಿರುಗುವ ಫ್ಯಾನು ನೋಡತೊಡಗಿದರು. ರಾಚವ್ವ ಇನ್ನಷ್ಟು ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದಳು. "ಇದು ಮಂಚ ಎಲ್ಲೈತಿ? ಒಂದು, ಎರಡು, ಮೂರು, ನಾಕು... ಕುಂದ್ರೂ ಸೀಟು!"

ತಿಗಡಿಯವರು ಎದ್ದು ನಿಂತರು. ಮಗಳ ಕಡೆ ಒಮ್ಮೆ ನೋಡಿ, ಮಹಾನಂದಾಳ ಮುಂದೆ ಕೈ ಜೋಡಿಸಿದರು. "ಬೀಗತ್ಯಾರ, ತಪ್ಪು ನಂದರಿ. ಚಹಾ ಕುಡಿವಾಗ ಒಂದು ಹ್ಞೂಂ ಅಂದೆ. ಹಿಂದಿನ ಸೀಟಿನ್ಯಾಗ ಮುದುಡಿಕೊಂಡು ಹೋದಾಂವ ನಾನ. ನನ್ನ ಮಗಳದು ಏನೂ ತಪ್ಪಿಲ್ಲ."

"ಅಲ್ಲ ಅಲ್ಲ, ತಪ್ಪು ನಂದು" ಎಂದು ವಿರೂಪಾಕ್ಷಪ್ಪನವರೂ ಎದ್ದರು.

"ನೀವು ಕುಂದರ್ರಿ ಬೀಗ್ರ, ನಂದು."

"ಗಂಡಿನ ಕಡೆಯಾಂವ ನಾ ಇರೂತನಾ ನೀವ್ಯಾಕ ತಪ್ಪು ತಗೋತೀರಿ?"

ಸಚಿನ ಬಾಯಿಗೆ ಕರವಸ್ತ್ರ ಹಿಡಿದುಕೊಂಡಿದ್ದ. ಮಹಾನಂದಾ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತ ನಿಂತರು.

ಸತ್ಯವ್ವನಿಗೆ ಈ ಯಾವುದೂ ಕೇಳಿಸಿರಲಿಲ್ಲ. ಅವಳು ಟೀವಿಗೆ ಮೂಗು ಹಚ್ಚಿ, ಒಂದೊಂದೇ ತುಂಡಿನ ಮೇಲೆ ಕೈಯಾಡಿಸಿ ತನ್ನ ಸೀರೆ, ತನ್ನ ಗಂಡನ ಪಟಗ ಗುರುತು ಹಿಡಿಯುತ್ತಿದ್ದಳು. ಈ ತುದಿಯಿಂದ ಆ ತುದಿಯವರೆಗೆ ನೋಡಿ ಮುಗಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಎಲ್ಲರ ಕಡೆ ತಿರುಗಿದಳು.

"ಯಾಕ ಹಿಂಗ ಸುಮ್ಮನ ನಿಂತೀರಿ? ನೋಡ್ರಿ, ನನ್ನ ಕೌದಿ ಇಬ್ಬರು ಬೀಗರಿಗೆ ಸಾಲಿ ಇನ್ನೂ ಒಂದು ಗೇಣ ಉಳದೈತಿ!"

ಮೊದಲು ನಕ್ಕವಳು ಮಹಾನಂದಾ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಅನ್ನಪೂರ್ಣಾಳನ್ನು ಹತ್ತಿರ ಎಳೆದು ಕೂರಿಸಿಕೊಂಡಳು. "ಯವ್ವಾ, ಆ ಕೌದಿ ನಮ್ಮ ಸೊಸಿ ಜೋಡಿ ನಮ್ಮ ಮನಿಗೆ ಬರಲಿ. ಇವರಿಬ್ಬರಿಗೂ ಮುಂದನೂ ಬೇಕಾಗತೈತಿ."

"ಕೊಡತೇನಿ ತಾಯಿ" ಎಂದಳು ಸತ್ಯವ್ವ. "ಆದರ ಇನ್ನೆರಡು ಸಲ ಒಗದು ಕೊಡತೇನಿ. ಇಬ್ಬರ ಕಾಲಿನ ನಾತ ಇನ್ನೂ ಹೋಗವಲ್ದು."